ಮೂಲೆಯ ಸಿಸ್ಟಮ್ಮಿಂದ ಮುಂದಿನ ಟೇಬಲ್ಲಿಗೆ: ಹಳೆಯ ಕಂಪ್ಯೂಟರಿನ ಫೈಲು ದಾಟಿಸುವ ಕೇಬಲ್ಲುಗಳು

ಮಳವಳ್ಳಿ, ಮದ್ದೂರಿನಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಮುಂದಿನ ಟೇಬಲ್ಲಿನ ಮೇಲೆ ತೆಳ್ಳನೆಯ ಮಾನಿಟರ್ ಇರುತ್ತದೆ. ಹಿಂದಿನ ಮೂಲೆಯಲ್ಲಿ, ಜೆರಾಕ್ಸ್ ಪೇಪರಿನ ಬಂಡಲ್‌ಗಳ ಮರೆಯಲ್ಲಿ, ಬಿಳಿ ಬಣ್ಣ ಹಳದಿಗೆ ತಿರುಗಿದ ಹಳೆಯ ಕಂಪ್ಯೂಟರೊಂದು ಇನ್ನೂ ಕೂತಿರುವುದುಂಟು. ಮಾಲೀಕರು ಅದನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿರುವುದು ಅಭಿಮಾನಕ್ಕಲ್ಲ. ಹದಿನೈದಿಪ್ಪತ್ತು ವರ್ಷ ಕೂಡಿಟ್ಟ ಲಗ್ನಪತ್ರಿಕೆ, ಬೀಗರ ಔತಣದ ಕಾರ್ಡು, ತಿಥಿ ಕಾರ್ಡು, ಸಿಡಿ ಹಬ್ಬದ ಕರಪತ್ರ, ಸಂಘದ ಬೈಲಾ, ಬಾಡಿಗೆ ಕರಾರು ಇವೆಲ್ಲದರ ಮ್ಯಾಟರ್ ಇರುವುದು ಅದರಲ್ಲೇ. "ಅಣ್ಣಾ, ನಮ್ಮಕ್ಕನ ಮದ್ವೆಗೆ ಮಾಡ್ಕೊಟ್ಟಿದ್ರಲ್ಲ, ಅದೇ ಥರ ಹಾಕ್ಕೊಡಿ" ಎಂದು ಗಿರಾಕಿ ಬಂದು ನಿಂತರೆ ಮೂಲೆಯ ಸಿಸ್ಟಮ್ಮನ್ನು ಆನ್ ಮಾಡಲೇಬೇಕು.

ಮನೆಗಳಲ್ಲೂ ಇದೇ ಕಥೆ. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ತಾಲ್ಲೂಕು ಮಟ್ಟಕ್ಕೆ ಇಳಿಯಿತು. 'ಭೂಮಿ' ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಕೈಬರಹದ ಪಹಣಿಗಾಗಿ ಅಲೆಯುತ್ತಿದ್ದ ರೈತರು ಕಿಟಕಿಯ ಮುಂದೆ ನಿಂತು 15 ರೂಪಾಯಿಗೆ ಪ್ರಿಂಟ್ ಪಡೆಯತೊಡಗಿದರು. ಅದೇ ಹೊತ್ತಿಗೆ ಮಗನ ಡಿಪ್ಲೊಮಾಕ್ಕೆಂದೋ ಮಗಳ ಎಂಜಿನಿಯರಿಂಗಿಗೆಂದೋ ಮನೆಗಳಿಗೆ ಅಸೆಂಬಲ್ಡ್ ಪಿಸಿಗಳು ಬಂದವು. ಅವುಗಳಲ್ಲಿ ಈಗ ಉಳಿದಿರುವುದು ತಾತನ ಫೋಟೊ, ಪ್ರಾಜೆಕ್ಟ್ ರಿಪೋರ್ಟು, ಯಾರೋ ಟೈಪಿಸಿ ಅರ್ಧಕ್ಕೆ ಬಿಟ್ಟ ಊರಿನ ಇತಿಹಾಸ.

ಇದನ್ನೆಲ್ಲ ಹೊರತೆಗೆಯಲು ಪೆನ್‌ಡ್ರೈವ್ ಸಾಲದೆ? ಎಷ್ಟೋ ಸಲ ಸಾಲುವುದಿಲ್ಲ. ವಿಂಡೋಸ್ 98ಕ್ಕೆ ಪೆನ್‌ಡ್ರೈವ್ ಎಂದರೇನೆಂದು ತಾನಾಗಿ ಗೊತ್ತಿಲ್ಲ. ಆಯಾ ಕಂಪನಿಯ ಡ್ರೈವರ್ ಹಾಕಿದರಷ್ಟೇ ಅದು ಕಣ್ಣು ಬಿಡುತ್ತದೆ. ಆ ಡ್ರೈವರನ್ನು ಒಳಗೆ ತರುವುದೇ ದೊಡ್ಡ ತಲೆನೋವು, ಏಕೆಂದರೆ ಅದು ಬರುತ್ತಿದ್ದ ಸಿ.ಡಿ. ಎಲ್ಲೋ ಕಳೆದಿರುತ್ತದೆ. ಸಿ.ಡಿ. ಡ್ರೈವಿನ ಲೆನ್ಸ್‌ಗೆ ಧೂಳು ಕೂತಿರುತ್ತದೆ, ಬರೆಯುವ ಡ್ರೈವಂತೂ ಅದಲ್ಲವೇ ಅಲ್ಲ. ಇನ್ನು ಫ್ಲಾಪಿ ಹಿಡಿಯುವುದು 1.44 ಎಂಬಿ. ಅರ್ಧ ಜಿಬಿ ಫೈಲು ದಾಟಿಸಲು ಸುಮಾರು 360 ಫ್ಲಾಪಿ ಬೇಕು. ಅಷ್ಟು ಫ್ಲಾಪಿ ಸಿಕ್ಕರೂ ಅವುಗಳಲ್ಲಿ ಎಷ್ಟು ಓದಿಸಿಕೊಳ್ಳುತ್ತವೆ ಎಂಬುದಕ್ಕೆ ಗ್ಯಾರಂಟಿ ಇಲ್ಲ.

ಆಗ ಉಳಿಯುವುದು ಕೇಬಲ್. ಒಂದು ಕಂಪ್ಯೂಟರಿನ ಬೆನ್ನಿಂದ ಇನ್ನೊಂದರ ಬೆನ್ನಿಗೆ ವೈರೆಳೆದು ಫೈಲು ದಾಟಿಸುವ ಈ ಉಪಾಯ ಇಂಟರ್ನೆಟ್ಟಿಗಿಂತ ಹಳೆಯದು, ಇಂದಿಗೂ ಕೈಕೊಡದ್ದು. ಒಂದೇ ಷರತ್ತೆಂದರೆ, ಯಾವ ಕಂಪ್ಯೂಟರಿಗೆ ಯಾವ ಕೇಬಲ್ ಎಂಬುದನ್ನು ಅದರ ವಯಸ್ಸು ನೋಡಿ ನಿರ್ಧರಿಸಬೇಕು.

ಒಂಬತ್ತು ಪಿನ್ನಿನ ಹಳೆಯ ದಾರಿ

ಹಳೆಯ ಸಿಸ್ಟಮ್ಮಿನ ಹಿಂಬದಿಯಲ್ಲಿ ಒಂಬತ್ತು ಪಿನ್ನುಗಳ ಒಂದು ಸಣ್ಣ ಕನೆಕ್ಟರ್ ಇರುತ್ತದೆ. ಇದು ಸೀರಿಯಲ್ ಪೋರ್ಟ್. ಇದರ ನಿಯಮಗಳು 1960ರಲ್ಲಿ ಆರ್‌ಎಸ್-232 ಎಂಬ ಹೆಸರಿನಲ್ಲಿ ಹೊರಬಂದವು. ಆಗ ಅದರ ಕೆಲಸ ಕಂಪ್ಯೂಟರನ್ನೋ ಟೆಲಿಪ್ರಿಂಟರನ್ನೋ ಮೋಡೆಮ್ಮಿಗೆ ಜೋಡಿಸುವುದಾಗಿತ್ತು. ಮುಂದೆ ಜನ ನಡುವಿನ ಮೋಡೆಮ್ ತೆಗೆದುಹಾಕಿ ಎರಡು ಕಂಪ್ಯೂಟರುಗಳನ್ನೇ ನೇರ ಜೋಡಿಸತೊಡಗಿದರು. ಹೀಗೆ ಜೋಡಿಸುವ ಕೇಬಲ್ಲಿಗೆ 'ನಲ್ ಮೋಡೆಮ್' ಎಂಬ ಹೆಸರು ಬಂತು.

ಇಲ್ಲಿರುವ ಗುಟ್ಟು ಒಂದೇ. ಪಿಸಿಯ ಒಂಬತ್ತು ಪಿನ್ನುಗಳಲ್ಲಿ 3ನೆಯದು ಮಾತಾಡುವ ಬಾಯಿ, 2ನೆಯದು ಕೇಳುವ ಕಿವಿ. ಎರಡು ಕಡೆಯೂ ಕಂಪ್ಯೂಟರೇ ಇದ್ದಾಗ ಪಿನ್ನಿಗೆ ಸರಿಯಾಗಿ ಪಿನ್ನು ಕೂಡಿಸಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಎದುರಾಗುತ್ತವೆ. ಯಾರಿಗೂ ಏನೂ ಕೇಳಿಸದು. ಆದ್ದರಿಂದ ಕೇಬಲ್ಲಿನೊಳಗೇ ವೈರು ಅಡ್ಡ ಹಾಯಬೇಕು: ಈ ಕಡೆಯ 3 ಆ ಕಡೆಯ 2ಕ್ಕೆ, ಈ ಕಡೆಯ 2 ಆ ಕಡೆಯ 3ಕ್ಕೆ, ನೆಲದ ವೈರಾದ 5 ಮಾತ್ರ ಅದೇ 5ಕ್ಕೆ. ಹೀಗೆ ಮೂರೇ ವೈರಿನಲ್ಲಿ ಕೆಲಸ ಆಗುತ್ತದೆ. "ಸ್ವಲ್ಪ ತಡಿ, ಹಿಂದಿನದನ್ನು ಇನ್ನೂ ಬರೆದುಕೊಳ್ಳುತ್ತಿದ್ದೇನೆ" ಎಂಬ ಸೂಚನೆಯೂ ದಾಟಬೇಕೆಂದರೆ 7 ಮತ್ತು 8ನ್ನೂ ಅಡ್ಡ ಹಾಯಿಸಬೇಕು. ಅಂಗಡಿಯಲ್ಲಿ ಸಿಗುವ ಒಂಬತ್ತು ಪಿನ್ನಿನ ಎಲ್ಲ ಕೇಬಲ್ಲೂ ನೋಡಲು ಒಂದೇ ಥರ ಇರುತ್ತವೆ. ಅಡ್ಡ ಹಾಯ್ದದ್ದೋ ನೇರದ್ದೋ ಎಂದು ಮಲ್ಟಿಮೀಟರ್ ಇಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ.

ವೈರು ಸಿದ್ಧವಾದರೆ ಸಾಲದು, ಎರಡೂ ಕಡೆ ಒಂದೇ ರೀತಿ ಮಾತಾಡುವ ಸಾಫ್ಟ್‌ವೇರ್ ಬೇಕು. 1977ರಲ್ಲಿ ಎಕ್ಸ್‌ಮೋಡೆಮ್, 1981ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆರ್ಮಿಟ್ ಹುಟ್ಟಿದ್ದು ಇದಕ್ಕಾಗಿ. ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಜೊತೆ ಒಂದು ಲೆಕ್ಕ ಕಳಿಸುವುದು, ಲೆಕ್ಕ ತಾಳೆಯಾಗದಿದ್ದರೆ ಅದೇ ತುಂಡನ್ನು ಮತ್ತೆ ತರಿಸಿಕೊಳ್ಳುವುದು ಇವುಗಳ ಕ್ರಮ. 1983ರಲ್ಲಿ ಟ್ರಾವೆಲಿಂಗ್ ಸಾಫ್ಟ್‌ವೇರ್ ಕಂಪನಿ 'ಲ್ಯಾಪ್‌ಲಿಂಕ್' ತಂದು, ಕೇಬಲ್ ಮತ್ತು ಸಾಫ್ಟ್‌ವೇರ್ ಎರಡನ್ನೂ ಒಂದೇ ಡಬ್ಬದಲ್ಲಿಟ್ಟು ಮಾರಿತು. ಆಮೇಲೆ ಮೈಕ್ರೋಸಾಫ್ಟ್ ಈ ಸೌಲಭ್ಯವನ್ನು ತನ್ನಲ್ಲೇ ಸೇರಿಸಿಕೊಂಡಿತು: 1993ರ ಎಂಎಸ್-ಡಾಸ್ 6ರಲ್ಲಿ 'ಇಂಟರ್‌ಲಿಂಕ್', ವಿಂಡೋಸ್ 95ರಿಂದ 'ಡೈರೆಕ್ಟ್ ಕೇಬಲ್ ಕನೆಕ್ಷನ್'. ವಿಂಡೋಸ್ 98ರಲ್ಲಿ ಇದು ಆಕ್ಸೆಸರೀಸ್ ಮೆನುವಿನ ಒಳಗಿರುತ್ತದೆ. ಫೈಲು ಕೊಡುವ ಸಿಸ್ಟಮ್ 'ಹೋಸ್ಟ್', ತೆಗೆದುಕೊಳ್ಳುವುದು 'ಗೆಸ್ಟ್'. ಬರಿಯ ಡಾಸ್‌ನಲ್ಲಿ ದಾಟಿಸುವವರು ಒಂದು ಮಾತು ನೆನಪಿಟ್ಟಿರಬೇಕು: ಅದು ಎಂಟು ಅಕ್ಷರಕ್ಕಿಂತ ಉದ್ದದ ಹೆಸರನ್ನು ಒಪ್ಪುವುದಿಲ್ಲ. ಮೊದಲ ಆರು ಅಕ್ಷರ, ಒಂದು ಅಲೆಗೆರೆ, ಒಂದು ಅಂಕಿ ಉಳಿಸಿ ಮಿಕ್ಕಿದ್ದನ್ನು ನುಂಗುತ್ತದೆ. ಒಂದೇ ಮನೆತನದ ಹತ್ತು ಮದುವೆ ಕಾರ್ಡುಗಳಿದ್ದರೆ ಯಾವುದು ಯಾರದೆಂದು ಆಮೇಲೆ ಹುಡುಕಿಕೊಳ್ಳಬೇಕಾಗುತ್ತದೆ.

ಸೀರಿಯಲ್ ದಾರಿಯ ದೊಡ್ಡ ಕೊರತೆ ನಿಧಾನ. ಸಾಮಾನ್ಯ ಪಿಸಿಯ ಪೋರ್ಟು ಸೆಕೆಂಡಿಗೆ ಹೆಚ್ಚೆಂದರೆ 1,15,200 ಬಿಟ್ ಕಳಿಸುತ್ತದೆ. ಒಂದು ಬೈಟಿಗೆ ಎಂಟು ಬಿಟ್ ಜೊತೆಗೆ ಆರಂಭಕ್ಕೊಂದು, ಮುಕ್ತಾಯಕ್ಕೊಂದು ಬಿಟ್ ಸೇರಿ ಹತ್ತಾಗುವುದರಿಂದ ಕೈಗೆ ಬರುವುದು ಸೆಕೆಂಡಿಗೆ 11,520 ಬೈಟ್. ಈ ಲೆಕ್ಕದಲ್ಲಿ ಒಂದು ಫ್ಲಾಪಿಯಷ್ಟು ಸರಕು ಎರಡು ನಿಮಿಷ 8 ಸೆಕೆಂಡು ತೆಗೆದುಕೊಳ್ಳುತ್ತದೆ. 2 ಎಂಬಿಯ ಒಂದು ಫೋಟೊಗೆ ಮೂರು ನಿಮಿಷ. ಅರ್ಧ ಜಿಬಿಗೆ ಹನ್ನೆರಡು-ಹದಿಮೂರು ಗಂಟೆ! ಹೀಗಾಗಿ ಈ ಕೇಬಲ್ ಹೊಂದುವುದು ಬರೀ ಮ್ಯಾಟರ್ ಫೈಲುಗಳಿಗೆ. ಫೈಲುಗಳನ್ನು ಮೊದಲು ಜಿಪ್ ಮಾಡಿಕೊಂಡರೆ ಸಮಯ ಉಳಿಯುತ್ತದೆ. ಆ ಕಡೆ ಬಿಚ್ಚುವಾಗ ಒಂದು ಬೈಟು ಹೆಚ್ಚುಕಮ್ಮಿ ಆಗಿದ್ದರೂ ಜಿಪ್ ತಾನೇ ತಪ್ಪು ಹೇಳುತ್ತದೆ.

ಪಕ್ಕದಲ್ಲೇ ಪ್ರಿಂಟರಿಗೆಂದು ಇರುವ 25 ತೂತಿನ ಪ್ಯಾರಲಲ್ ಪೋರ್ಟು ಇದಕ್ಕಿಂತ ಹಲವು ಪಟ್ಟು ವೇಗದ್ದು. ಅದು ಪ್ರಿಂಟರಿಗೆ ಒಮ್ಮೆಗೆ ಎಂಟು ಬಿಟ್ ಕಳಿಸಬಲ್ಲದು, ಆದರೆ ಒಳಬರುವ ವೈರುಗಳು ಐದೇ. ಅದಕ್ಕೇ ಲ್ಯಾಪ್‌ಲಿಂಕ್ ಮಾದರಿಯ ಪ್ಯಾರಲಲ್ ಕೇಬಲ್ಲು ಬೈಟನ್ನು ಅರ್ಧ ಮಾಡಿ ನಾಲ್ಕು ನಾಲ್ಕು ಬಿಟ್ಟಾಗಿ ದಾಟಿಸುತ್ತದೆ; ಐದನೆಯ ವೈರು "ಬಂತು, ಮುಂದಿನದು ಕೊಡು" ಎನ್ನಲಿಕ್ಕೆ. ಪ್ರಿಂಟರ್ ಕೇಬಲ್ಲನ್ನೇ ತಂದು ಎರಡು ಸಿಸ್ಟಮ್ಮಿಗೆ ಸಿಕ್ಕಿಸಿದರೆ ಇದು ಆಗುವುದಿಲ್ಲ.

ಎಂಟು ಬಣ್ಣದ ವೈರು

ಹಳೆಯ ಸಿಸ್ಟಮ್ಮಿನಲ್ಲಿ ಲ್ಯಾನ್ ಕಾರ್ಡ್ ಇದ್ದರೆ ಅದೃಷ್ಟ. ಇಲ್ಲದಿದ್ದರೂ ಪಿಸಿಐ ಸ್ಲಾಟಿಗೆ ಕೂರುವ ಹಳೆಯ ಕಾರ್ಡು ಬೆಂಗಳೂರಿನ ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲೋ ಊರಿನ ರಿಪೇರಿ ಅಂಗಡಿಯ ಹಳೇ ಡಬ್ಬದಲ್ಲೋ ಹುಡುಕಿದರೆ ಸಿಗುತ್ತದೆ. 100 ಎಂಬಿಪಿಎಸ್ ಕಾರ್ಡಿನಲ್ಲಿ ಸೆಕೆಂಡಿಗೆ 10 ಎಂಬಿಯ ಹತ್ತಿರ ದಾಟುತ್ತದೆ. ಸೀರಿಯಲ್ಲಿನಲ್ಲಿ ರಾತ್ರಿಯಿಡೀ ಓಡಬೇಕಿದ್ದ ಅರ್ಧ ಜಿಬಿ, ಹಳೆಯ ಹಾರ್ಡ್‌ಡಿಸ್ಕ್ ಓದುವ ವೇಗ ನಿಧಾನವಾದರೂ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ.

ಇಲ್ಲೂ ಬೇಕಿರುವುದು ಅಡ್ಡ ಹಾಯ್ದ ಕೇಬಲ್ಲೇ. ಅಂಗಡಿಯವರ ಮಾತಿನಲ್ಲಿ 'ಕ್ರಾಸ್ ಕೇಬಲ್'. ಕ್ರಿಂಪಿಂಗ್ ಟೂಲ್ ಇದ್ದವರು ಇದನ್ನು ಅಲ್ಲೇ ಕೂತು ಮಾಡಿಕೊಡುತ್ತಾರೆ. ಮೇಲಿನ ಹೊದಿಕೆಯನ್ನು ಒಂದಿಂಚು ಸುಲಿದರೆ ಹೆಣೆದುಕೊಂಡ ನಾಲ್ಕು ಜೊತೆ ವೈರು ಹೊರಬರುತ್ತವೆ. ಬಿಡಿಸಿ, ಬೆರಳಲ್ಲಿ ನೀವಿ ನೆಟ್ಟಗೆ ಮಾಡಿ, ಒಂದು ತುದಿಗೆ ಈ ಕ್ರಮದಲ್ಲಿ ಜೋಡಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇನ್ನೊಂದು ತುದಿಗೆ ಕಿತ್ತಳೆ ಇದ್ದಲ್ಲಿ ಹಸಿರು, ಹಸಿರು ಇದ್ದಲ್ಲಿ ಕಿತ್ತಳೆ. ಅಂದರೆ 1 ಮತ್ತು 2ನೆಯ ವೈರು ಆ ಕಡೆ 3 ಮತ್ತು 6ಕ್ಕೆ ಹೋಗುತ್ತವೆ. ತುದಿಗಳನ್ನು ಒಂದೇ ಸಮ ಕತ್ತರಿಸಿ, ಪಾರದರ್ಶಕ ಕನೆಕ್ಟರಿನ ತುದಿಯಲ್ಲಿ ಎಂಟೂ ತಾಮ್ರದ ಚುಕ್ಕೆ ಕಾಣುವ ತನಕ ತಳ್ಳಿ, ಟೂಲಿನಲ್ಲಿಟ್ಟು ಒಮ್ಮೆ ಗಟ್ಟಿಯಾಗಿ ಅದುಮಿದರೆ ಆಯಿತು. ಇತ್ತೀಚಿನ ಸಿಸ್ಟಮ್ಮುಗಳ ಲ್ಯಾನ್ ಪೋರ್ಟು ಎದುರಿಗಿರುವುದು ಏನೆಂದು ತಾನೇ ಕಂಡುಕೊಂಡು ಒಳಗೇ ಅದಲುಬದಲು ಮಾಡಿಕೊಳ್ಳುತ್ತದೆ, ನೇರ ಕೇಬಲ್ಲೂ ನಡೆಯುತ್ತದೆ. ಎರಡೂ ಹಳೆಯವಾದರೆ ಮಾತ್ರ ಕ್ರಾಸೇ ಬೇಕು.

ಕೇಬಲ್ ಹಾಕಿದ ಮೇಲೆ ಎರಡಕ್ಕೂ ವಿಳಾಸ ಕೊಡಬೇಕು. ಒಂದಕ್ಕೆ 192.168.0.1, ಇನ್ನೊಂದಕ್ಕೆ 192.168.0.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ವರ್ಕ್‌ಗ್ರೂಪ್ ಹೆಸರು ಎರಡರಲ್ಲೂ ಒಂದೇ ಇರಲಿ. ಕೊಡುವ ಕಡೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಶೇರಿಂಗ್' ಆನ್ ಮಾಡಬೇಕು. ಅಷ್ಟಾದರೂ ಕಾಣಿಸದಿದ್ದರೆ ತಡೆಯುತ್ತಿರುವುದು ಹೆಚ್ಚಾಗಿ ವಿಂಡೋಸ್ ಎಕ್ಸ್‌ಪಿಯ ಫೈರ್‌ವಾಲ್.

ನೇರ ಹೊಸದಕ್ಕೆ ಯಾಕಲ್ಲ?

ಹಳೆಯದರಿಂದ ನೇರ ಹೊಸ ಲ್ಯಾಪ್‌ಟಾಪಿಗೇ ಎಳೆದುಕೊಂಡರೆ ಒಂದು ಹೆಜ್ಜೆ ಉಳಿಯುವಂತೆ ಕಾಣುತ್ತದೆ, ಆದರೆ ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ವಿಂಡೋಸ್ 98 ಮತ್ತು ಎಕ್ಸ್‌ಪಿ ಫೈಲು ಹಂಚಿಕೊಳ್ಳುವುದು ಎಸ್‌ಎಂಬಿ-1 ಎಂಬ ಹಳೆಯ ಪದ್ಧತಿಯಲ್ಲಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿದ 'ವಾನ್ನಾಕ್ರೈ' ಹರಡಿದ್ದು ಇದೇ ಪದ್ಧತಿಯ ಒಂದು ಬಿರುಕಿನಿಂದ. ಆ ವರ್ಷದ ಕೊನೆಯಿಂದ ಹೊಸದಾಗಿ ಹಾಕುವ ವಿಂಡೋಸ್ 10ರಲ್ಲಿ ಎಸ್‌ಎಂಬಿ-1 ಸಾಮಾನ್ಯವಾಗಿ ಆನ್ ಇರುವುದಿಲ್ಲ. ಕೇಬಲ್ ಸರಿ, ವಿಳಾಸ ಸರಿ, ದೀಪವೂ ಮಿನುಗುತ್ತದೆ, ಆದರೂ ಹೊಸ ಲ್ಯಾಪ್‌ಟಾಪು ಹಳೆಯ ಸಿಸ್ಟಮ್ಮಿನ ಫೋಲ್ಡರನ್ನು ತೆರೆಯುವುದಿಲ್ಲ. ಬೇಕೇಬೇಕೆಂದರೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಅದನ್ನು ಆನ್ ಮಾಡಬಹುದು. ಆನ್ ಇರುವಷ್ಟು ಹೊತ್ತು ವೈಫೈ ಆಫ್ ಇರಬೇಕು, ಕೆಲಸ ಮುಗಿದ ಕೂಡಲೇ ಎಸ್‌ಎಂಬಿ-1ನ್ನೂ ಆಫ್ ಮಾಡಬೇಕು.

ಇದಕ್ಕಿಂತ ಸಲೀಸಾದ ದಾರಿ ನಡುವೆ ಒಂದು ಎಕ್ಸ್‌ಪಿ ಸಿಸ್ಟಮ್ ಇಟ್ಟುಕೊಳ್ಳುವುದು. 2001ರಲ್ಲಿ ಬಂದ ಎಕ್ಸ್‌ಪಿಗೆ 98ರ ಮಾತೂ ಗೊತ್ತು, ಪೆನ್‌ಡ್ರೈವೂ ಗೊತ್ತು. 98ರಿಂದ ಕೇಬಲ್ಲಿನಲ್ಲಿ ಎಕ್ಸ್‌ಪಿಗೆ, ಅಲ್ಲಿಂದ ಪೆನ್‌ಡ್ರೈವಿನಲ್ಲಿ ಹೊಸದಕ್ಕೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಕೈಬಿಟ್ಟಿತು, ಇಂಟರ್ನೆಟ್ಟಿಗೆ ಜೋಡಿಸುವಂಥದ್ದಲ್ಲ. ಆದರೆ ಎರಡು ಸಿಸ್ಟಮ್ಮಿನ ನಡುವೆ ಒಂದೇ ವೈರಿದ್ದಾಗ ಹೊರಗಿನಿಂದ ಯಾರೂ ಒಳಬರಲಾರರು. ಮಾರಲು ಹೋದರೆ ಯಾರೂ ಕೇಳದ ಎಕ್ಸ್‌ಪಿ ಪಿಸಿಯೊಂದನ್ನು ಡಿಟಿಪಿಯವರೂ ರಿಪೇರಿಯವರೂ ಎತ್ತಿಟ್ಟುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಎರಡೂ ಕಡೆ ಚಪ್ಪಟೆ ತುದಿಯಿರುವ ಸಾದಾ ಯುಎಸ್‌ಬಿ ಕೇಬಲ್ ತಂದು ಎರಡು ಪಿಸಿಗೆ ಸಿಕ್ಕಿಸುವ ಪ್ರಯೋಗ ಮಾತ್ರ ಬೇಡ. ಯುಎಸ್‌ಬಿಯಲ್ಲಿ ಪಿಸಿ ಯಾವಾಗಲೂ ಯಜಮಾನ. ಎರಡು ಪಿಸಿಗಳು ಎದುರಾದರೆ ಫೈಲು ದಾಟುವುದಿಲ್ಲ, ಎರಡೂ ಕಡೆಯಿಂದ 5 ವೋಲ್ಟ್ ಒಂದಕ್ಕೊಂದು ನುಗ್ಗಿ ಪೋರ್ಟು ಹಾಳಾಗಬಹುದು. ಇದಕ್ಕೆಂದೇ ನಡುವೆ ಚಿಪ್ ಇರುವ 'ಲಿಂಕ್ ಕೇಬಲ್' ಬೇರೆ ಇದೆ.

ಹಳೆಯ ಸಿಸ್ಟಮ್ ಆನ್ ಆಗುವುದೇ ಇಲ್ಲ ಎಂದರೂ ಕೈಚೆಲ್ಲಬೇಕಿಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ ಯುಎಸ್‌ಬಿ-ಐಡಿಇ ಕನ್ವರ್ಟರಿಗೆ ಹಾಕಿದರೆ ಹೊಸ ಲ್ಯಾಪ್‌ಟಾಪು ಅದನ್ನು ದೊಡ್ಡದೊಂದು ಪೆನ್‌ಡ್ರೈವ್ ಎಂದೇ ಓದಿಕೊಳ್ಳುತ್ತದೆ. ಡೆಸ್ಕ್‌ಟಾಪಿನ ಡಿಸ್ಕಿಗೆ 12 ವೋಲ್ಟ್ ಬೇಕಾದ್ದರಿಂದ ಬೇರೆ ಅಡಾಪ್ಟರ್ ಇರುವ ಕನ್ವರ್ಟರನ್ನೇ ಕೇಳಿ ತರಬೇಕು.

ಕರೆಂಟು ಮತ್ತು ಅರ್ತ್

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟ ಸೀಮೆ ಈ ಮಳವಳ್ಳಿಯದು. ಕರೆಂಟು ಹುಟ್ಟುವ ತಾಲ್ಲೂಕಿನಲ್ಲೂ ಕರೆಂಟು ಹೋಗುವುದುಂಟು. ಗಂಟೆಗಟ್ಟಲೆ ನಡೆಯುವ ಕಾಪಿಯ ನಡುವೆ ಹಾಗಾದರೆ ಆ ಹೊತ್ತಿನ ಫೈಲು ಅರ್ಧಕ್ಕೆ ನಿಲ್ಲುತ್ತದೆ, ವಯಸ್ಸಾದ ಹಾರ್ಡ್‌ಡಿಸ್ಕಿಗೆ ಪೆಟ್ಟೂ ಬೀಳಬಹುದು. ಯುಪಿಎಸ್ ಇಲ್ಲದವರು ಫೋಲ್ಡರಿಗೊಂದು ಸಲದಂತೆ ದಾಟಿಸುವುದು ಕ್ಷೇಮ.

ಇನ್ನೊಂದು ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದರೆ ಪ್ಲಗ್ಗಿನ ಮೂರನೇ ಪಿನ್ನಿಗೆ ನೆಲ ಸಿಕ್ಕಿಲ್ಲ ಎಂದರ್ಥ. ಅಂಥ ಸಿಸ್ಟಮ್ಮಿನ ಲೋಹದ ಮೈಮೇಲೆ ನೂರು ವೋಲ್ಟಿನ ಆಸುಪಾಸು ತೇಲುತ್ತಿರುತ್ತದೆ. ಕರೆಂಟಿನ ಪ್ರಮಾಣ ಕಮ್ಮಿಯಾದ್ದರಿಂದ ಮನುಷ್ಯರಿಗೆ ಬರೀ ಚುರುಕು, ಆದರೆ ಸೀರಿಯಲ್ ಅಥವಾ ಪ್ಯಾರಲಲ್ ಕೇಬಲ್ ಸಿಕ್ಕಿಸುವ ಗಳಿಗೆಯಲ್ಲಿ ಪೋರ್ಟಿನ ಚಿಪ್ಪು ಸುಡಲು ಅಷ್ಟು ಸಾಕು. ಎರಡೂ ಸಿಸ್ಟಮ್ಮನ್ನು ಅರ್ತ್ ಇರುವ ಒಂದೇ ಬೋರ್ಡಿಗೆ ಹಾಕಿ, ಎರಡನ್ನೂ ಆಫ್ ಮಾಡಿ, ಕೇಬಲ್ ಜೋಡಿಸಿ, ಆಮೇಲೆ ಆನ್ ಮಾಡಬೇಕು.

ಫೈಲು ಬಂತು, ಅಕ್ಷರ ಬರಲಿಲ್ಲ

ಕನ್ನಡದ ಮಟ್ಟಿಗೆ ಅರ್ಧ ಕೆಲಸ ಶುರುವಾಗುವುದೇ ಫೈಲು ದಾಟಿದ ಮೇಲೆ. ಹಳೆಯ ಸಿಸ್ಟಮ್ಮಿನಲ್ಲಿ 'ನುಡಿ' ತಂತ್ರಾಂಶದಲ್ಲಿ ಟೈಪಾದ 'ಕನ್ನಡ' ಎಂಬ ಮೂರಕ್ಷರ, ಆ ಫಾಂಟ್ ಇಲ್ಲದ ಹೊಸ ಸಿಸ್ಟಮ್ಮಿನಲ್ಲಿ ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ 'ಪಿ', ನೆತ್ತಿಯ ಮೇಲೆ ಓರೆಗೀಟಿರುವ 'ಎ', ಬ್ರಿಟನ್ನಿನ ಪೌಂಡ್ ಗುರುತು, ಮತ್ತದೇ 'ಎ', ಜರ್ಮನ್ನರ ಜೋಡಿ 'ಎಸ್', ಸಣ್ಣ 'ಕ್ಯೂ', ಕೊನೆಗೆ ಇನ್ನೊಮ್ಮೆ ಅದೇ 'ಎ'. ಫೈಲು ಕೆಟ್ಟಿಲ್ಲ, ಕೇಬಲ್ಲೂ ಮೋಸ ಮಾಡಿಲ್ಲ. ಆ ಕಾಲದ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿದ್ದವು: ತಲೆಕಟ್ಟಿಲ್ಲದ 'ಕ' ಒಂದು ಕಡೆ, ತಲೆಕಟ್ಟು ಇನ್ನೊಂದು ಕಡೆ, 'ನ'ದ ಒತ್ತು ಮತ್ತೊಂದು ಕಡೆ. ಜೊತೆಗೆ ಶ್ರೀಲಿಪಿಯ ಹಂಚಿಕೆ ನುಡಿಯದಕ್ಕಿಂತ ಬೇರೆ.

ಆದ್ದರಿಂದ ಮ್ಯಾಟರ್ ದಾಟಿಸುವಾಗಲೇ ಹಳೆಯ ಸಿಸ್ಟಮ್ಮಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಕೊಳ್ಳಬೇಕು. ಆ ಫಾಂಟ್ ಹೊಸದರಲ್ಲಿ ಹಾಕಿದರೆ ಅಕ್ಷರ ಮರಳುತ್ತದೆ. ಮುಂದೆ ಮೊಬೈಲಿನಲ್ಲೂ ಓದಬೇಕು, ಹುಡುಕಿದರೆ ಸಿಗಬೇಕು ಎಂದಿದ್ದರೆ ಯೂನಿಕೋಡಿಗೆ ಬದಲಿಸುವುದು ಮೇಲು. ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಇದಕ್ಕೆ ಕನ್ವರ್ಟರ್ ಇದೆ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಬೇಕು. ಲಗ್ನಪತ್ರಿಕೆಯಲ್ಲಿ ಹೆಣ್ಣಿನ ಕಡೆಯವರ ಹೆಸರು ತಪ್ಪಿದರೆ ಏನಾಗುತ್ತದೆಂದು ಡಿಟಿಪಿಯವರಿಗೆ ಹೇಳಿಕೊಡಬೇಕಿಲ್ಲ.

ಪೇಜ್‌ಮೇಕರ್ ಫೈಲುಗಳದ್ದು ಬೇರೆ ಪಾಡು. 2001ರ ಏಳನೇ ಆವೃತ್ತಿಗೇ ಪೇಜ್‌ಮೇಕರ್ ನಿಂತುಹೋಯಿತು. ಅದರ ಕೊನೆಯ ಆವೃತ್ತಿಗಳ ಫೈಲನ್ನು ಇನ್‌ಡಿಸೈನ್ ಸಿಎಸ್6ರವರೆಗೆ ತೆರೆಯಬಹುದಿತ್ತು, ಆಮೇಲಿನವು ತೆರೆಯವು. ಹಳೆಯ ಸಿಸ್ಟಮ್ ಇನ್ನೂ ಉಸಿರಾಡುತ್ತಿರುವಾಗಲೇ ಮುಖ್ಯವಾದ ಪುಟಗಳನ್ನು ಅದರಲ್ಲೇ ತೆರೆದು ಪಿಡಿಎಫ್ ಮಾಡಿ, ಮ್ಯಾಟರನ್ನು ಬೇರೆ ಟೆಕ್ಸ್ಟ್ ಫೈಲಾಗಿ ಇಳಿಸಿಕೊಂಡು ಆಮೇಲೆ ಕೇಬಲ್ ಹಚ್ಚುವುದು ಜಾಣತನ.

ಗುಜರಿಗೆ ಹಾಕುವ ಮುನ್ನ

ಕಾಪಿ ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಮತ್ತು ಒಟ್ಟು ಬೈಟು ಒಂದೇ ಇವೆಯೇ ಎಂದು ನೋಡಬೇಕು. ಪ್ರತಿ ಫೋಲ್ಡರಿನಿಂದ ಒಂದೆರಡು ಫೈಲು ತೆರೆದೂ ನೋಡಬೇಕು. ಸಂಖ್ಯೆ ಸರಿಯಿದ್ದರೂ ಹಳೆಯ ಡಿಸ್ಕಿನ ಕೆಟ್ಟ ಜಾಗದಲ್ಲಿದ್ದ ಫೋಟೊ ಅರ್ಧ ಬೂದುಬಣ್ಣವಾಗಿರಬಹುದು. ಎರಡನೇ ಪ್ರತಿಯೊಂದನ್ನು ಬೇರೆ ಕಡೆ ಇಡುವ ತನಕ ಮೂಲೆಯ ಸಿಸ್ಟಮ್ಮನ್ನು ಮುಟ್ಟುವುದು ಬೇಡ.

ಆಮೇಲೆ ಅದನ್ನು ಕೊಡುವುದಾದರೂ ಹಾರ್ಡ್‌ಡಿಸ್ಕ್ ಸಮೇತ ತೂಕಕ್ಕೆ ಹಾಕುವುದು ಅಪಾಯ. ಡಿಟಿಪಿ ಅಂಗಡಿಯ ಡಿಸ್ಕಿನಲ್ಲಿ ಊರಿನವರ ಮಾರ್ಕ್ಸ್‌ಕಾರ್ಡು, ಜಾತಿ ಪ್ರಮಾಣಪತ್ರ, ಆಧಾರ್ ಸ್ಕ್ಯಾನು, ಕ್ರಯಪತ್ರದ ಕರಡು ಎಲ್ಲವೂ ಇರುತ್ತವೆ. ಡಿಲೀಟ್ ಒತ್ತಿ ರೀಸೈಕಲ್ ಬಿನ್ ಖಾಲಿ ಮಾಡಿದರೂ ಅವು ಡಿಸ್ಕಿನಿಂದ ಹೋಗುವುದಿಲ್ಲ, ಹೆಸರಷ್ಟೇ ಪಟ್ಟಿಯಿಂದ ಅಳಿಯುತ್ತದೆ. ರಿಕವರಿ ಸಾಫ್ಟ್‌ವೇರ್ ಇರುವ ಯಾರೂ ಅವನ್ನು ಮತ್ತೆ ಎತ್ತಬಹುದು. ಡಿಸ್ಕಿನ ತುಂಬ ಸೊನ್ನೆ ಬರೆಯುವ ಸಾಫ್ಟ್‌ವೇರ್ ಓಡಿಸಬೇಕು, ಇಲ್ಲವೇ ಡಿಸ್ಕನ್ನು ಬಿಚ್ಚಿ ತಮ್ಮಲ್ಲೇ ಇಟ್ಟುಕೊಳ್ಳಬೇಕು. ಉಳಿದ ಬೋರ್ಡು, ಎಸ್‌ಎಂಪಿಎಸ್, ಸೀಸ ತುಂಬಿದ ಗಾಜಿನ ಹಳೆಯ ಮಾನಿಟರ್ ಸೇರಬೇಕಾದ್ದು ನೋಂದಾಯಿತ ಇ-ತ್ಯಾಜ್ಯ ಘಟಕವನ್ನು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹೇಳುವುದೂ ಅದನ್ನೇ. ಲ್ಯಾನ್ ಕಾರ್ಡು ಮತ್ತು ಕ್ರಾಸ್ ಕೇಬಲ್ಲನ್ನು ಮಾತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಪಕ್ಕದ ಬೀದಿಯಲ್ಲಿ ಇನ್ನೊಂದು ವಿಂಡೋಸ್ 98 ಇದ್ದೇ ಇರುತ್ತದೆ.